ಸೇತುವೆ ದಾಟದ ಕಾರು

ಗಂಡ: ಹಾಗಾದ್ರೆ ಈ ಕಾರು ನನ್ನದಲ್ಲ ಅಂತೀರಿ?

ಕೌಂಟರಿನವನು: ಛೇ ಛೇ, ಕಾರು ನಿಮ್ಮದೇ ಸಾರ್. ಚಕ್ರ, ಬಾಗಿಲು, ಸೀಟು ಎಲ್ಲಾ ನಿಮ್ಮದೇ. ಫೋನಿಂದಲೇ ಅದನ್ನ ಆಳೋ ಖಾತೆ ಮಾತ್ರ ಹಳೇ ಮಾಲೀಕರದು.

ಗಂಡ: ಅಂದ್ರೆ ಮೈ ನನ್ನದು, ಬುದ್ಧಿ ಅವನದು.

ಕೌಂಟರಿನವನು: ಎಷ್ಟು ಚೆನ್ನಾಗಿ ಹೇಳಿದ್ರಿ! ನಮ್ಮ ಟ್ರೈನಿಂಗಲ್ಲೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಇದು ಕಾರು ಕಂಪನಿಯ ಸರ್ವೀಸ್ ಕೌಂಟರು. ಗಾಜಿನ ಗೋಡೆಯಾಚೆ, ಅಂಗಳದಲ್ಲಿ, ಕಳೆದ ತಿಂಗಳಷ್ಟೇ ಕೈ ಬದಲಾದ ಬಿಳಿ ಕಾರು ಏನೂ ಅರಿಯದ ಹಾಗೆ ನಿಂತಿದೆ. ನದಿಯಾಚೆಯ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಗಿದೆ. ಇವತ್ತು ಮಧ್ಯಾಹ್ನ ಬಾಣಂತಿಯನ್ನೂ ಮಗುವನ್ನೂ ಮನೆಗೆ ಕರೆತರಬೇಕು. ಮೊಮ್ಮಗು ಮೊದಲು ಹತ್ತುವ ಗಾಡಿ ಅಜ್ಜನದ್ದೇ ಆಗಬೇಕೆಂದು ಪಟ್ಟು ಹಿಡಿದು ಕೊಂಡ ಕಾರು ಇದು. ಆದರೆ ಸೇತುವೆ ಕಂಡರೆ ಸಾಕು, ಅದು ನಡೆದು ಹೋಗುವವರೂ ತಿರುಗಿ ನೋಡಿ ನಗುವಷ್ಟು ನಿಧಾನವಾಗುತ್ತದೆ, ಆಮೇಲೆ ನಿಂತೇಬಿಡುತ್ತದೆ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಮಗುವಿನ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ.

ಹೆಂಡತಿ: ಬೆಳಿಗ್ಗೆಯಿಂದ ಬಡ್ಕೋತಾ ಇದೀನಿ, ಒಂದು ಟ್ಯಾಕ್ಸಿ ಮಾಡ್ರೀ ಅಂತ.

ಗಂಡ: ಸುಮ್ನಿರೆ. ಸ್ವಂತ ಕಾರು ಇಟ್ಕೊಂಡು ಟ್ಯಾಕ್ಸೀನಾ?

ಹೆಂಡತಿ: ಸ್ವಂತ ಅಂತ ಇವರಿನ್ನೂ ಒಪ್ಪಿಲ್ವಲ್ಲ!

ಕೌಂಟರಿನವನು: ಸಮಸ್ಯೆ ಏನಿಲ್ಲ ಮೇಡಮ್. ಹಳೇ ಮಾಲೀಕರು ಡ್ರೈವಿಂಗ್ ಕಲೀತಿದ್ದ ಮಗನಿಗೆ ಅಂತ ನಾಲ್ಕು ಕಟ್ಟುಪಾಡು ಹಾಕಿದಾರೆ ಅಷ್ಟೆ. ಸೇತುವೆ ದಾಟಕೂಡದು, ನಲವತ್ತರ ಮೇಲೆ ಹೋಗಕೂಡದು, ಹಾಡು ಜೋರಾಗಿ ಹಾಕಕೂಡದು...

ಹೆಂಡತಿ: ಓಹೋ, ಅದಕ್ಕೇನಾ ಹಾಡು ಪಿಸುಗುಟ್ಟೋದು? ನನ್ನ ಕಿವಿ ಮಂದ ಆಗಿದೆ ಅಂತ ಇವರು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ರು!

ಗಂಡ: ಈಗ ಕಿವಿ ವಿಷಯ ಯಾಕೆ? ನೋಡಪ್ಪಾ, ಆ ಕಟ್ಟುಪಾಡೆಲ್ಲ ಕಿತ್ತು ಹಾಕು.

ಕೌಂಟರಿನವನು: ಅವರು ಒಪ್ಪಬೇಕು ಸಾರ್.

ಗಂಡ: ಅವರ ನಂಬರ್ ಕೊಡು, ನಾನೇ ಒಪ್ಪಿಸ್ತೀನಿ. ಕಾರು ಕೊಡಿಸಿದ ದಲ್ಲಾಳಿ ಅಂಗಡಿಗೆ ಬೀಗ ಹಾಕ್ಕೊಂಡು ನಾಪತ್ತೆ.

ಕೌಂಟರಿನವನು: ಅಯ್ಯೋ, ನಂಬರ್ ಕೊಡೋ ಹಾಗಿಲ್ಲ. ಗ್ರಾಹಕರ ಗುಟ್ಟು ಅಂದ್ರೆ ನಮಗೆ ಪ್ರಾಣ.

ಗಂಡ: ನಾನು ಎಲ್ಲಿಗೆ ಹೋಗ್ತೀನಿ, ಎಲ್ಲಿ ನಿಲ್ಲಿಸ್ತೀನಿ, ಅವನಿಗೆ ಕಾಣುತ್ತಾ?

ಕೌಂಟರಿನವನು: ಅಚ್ಚುಕಟ್ಟಾಗಿ ಕಾಣುತ್ತೆ. ನಕ್ಷೇಲಿ ಚುಕ್ಕಿ ಇಟ್ಟ ಹಾಗೆ.

ಗಂಡ: ಮತ್ತೆ ನನ್ನ ಗುಟ್ಟು?

ಕೌಂಟರಿನವನು: ನೀವು ನಮ್ಮ ಗ್ರಾಹಕರೇ ಅಲ್ವಲ್ಲ ಸಾರ್!

ಹೆಂಡತಿ: ಮೊನ್ನೆ ಇನ್ಶೂರೆನ್ಸಿನವಳು ಫೋನ್ ಮಾಡಿ, ನೀವು ತಿರುವಲ್ಲಿ ಅವಸರ ಮಾಡ್ತೀರಿ ಅಂದ್ಲು. ಅವಳೇನು ಡಿಕ್ಕಿಯಲ್ಲಿ ಕೂತಿದ್ಲಾ?

ಕೌಂಟರಿನವನು: ಅವರು ನಮ್ಮ ಪಾಲುದಾರರು ಮೇಡಮ್. ಗುಟ್ಟು ಕಾಪಾಡೋಕೆ ಇನ್ನೂ ನಾಲ್ಕು ಜನ ಇದ್ರೆ ಒಳ್ಳೇದಲ್ವಾ?

ಗಂಡ: ಹೋದ ವರ್ಷ ಯಾರೋ ನಿಮ್ಮ ಕಂಪ್ಯೂಟರಿಗೆ ಕನ್ನ ಹಾಕಿ ಎಲ್ಲರ ವಿವರ ಹೊತ್ಕೊಂಡು ಹೋದ್ರಂತೆ?

ಕೌಂಟರಿನವನು: ಅದಕ್ಕೆ ವಿಷಾದ ಅಂತ ಎಲ್ಲರಿಗೂ ಮೆಸೇಜ್ ಕಳಿಸಿದ್ವಿ ಸಾರ್. ಹೂವಿನ ಚಿತ್ರದ ಸಮೇತ.

ಗಂಡ: ಸಂತೋಷ. ಹಾಗಾದ್ರೆ ಆ ಕಳ್ಳನ ನಂಬರಾದ್ರೂ ಕೊಡು. ಹಳೇ ಮಾಲೀಕನ ನಂಬರ್ ಅವನ ಹತ್ತಿರ ಇಸ್ಕೋತೀನಿ.

ಕೌಂಟರಿನವನು ನಕ್ಕ. ಇಂಥ ನಗುವನ್ನು ಕಂಪನಿಯೇ ಕಲಿಸಿ ಕಳಿಸುತ್ತದೆ; ಯಾವ ಬೈಗುಳವೂ ಅದನ್ನು ಅಳಿಸಲಾರದು. ನಗುತ್ತಲೇ ಅವನು ಬಣ್ಣದ ಕಾಗದವೊಂದನ್ನು ಮುಂದೆ ತಳ್ಳಿದ.

ಕೌಂಟರಿನವನು: ಮುಂದೆ ಖಾತೆ ನಿಮ್ಮದಾದಾಗ ನಮ್ಮ ‘ಪೂರ್ಣ ಭದ್ರತೆ’ ಪ್ಯಾಕೇಜ್ ತಗೊಳ್ಳಿ. ತಿಂಗಳಿಗೊಂದು ಕಂತು.

ಹೆಂಡತಿ: ಅದನ್ನ ತಗೊಂಡ್ರೆ ಸೇತುವೆ ದಾಟುತ್ತಾ?

ಕೌಂಟರಿನವನು: ಇಲ್ಲ ಮೇಡಮ್. ಯಾಕೆ ದಾಟಲಿಲ್ಲ ಅಂತ ವರದಿ ಬರುತ್ತೆ.

ಅಷ್ಟರಲ್ಲಿ ಮಗಳ ಫೋನು ಬಂತು. ಮಗು ಅಳುತ್ತಿದೆಯಂತೆ, ಹಾಸಿಗೆ ಖಾಲಿ ಮಾಡಿ ಎಂದು ನರ್ಸು ಬಂದು ನಿಂತಿದ್ದಾಳಂತೆ, ಎಲ್ಲಿದ್ದೀರಿ? ಹೆಂಡತಿ ‘ಹೊರಟ್ವಿ ಕಣೇ’ ಎಂದು ಹೇಳಿ ಫೋನಿಟ್ಟು, ಕೌಂಟರಿನ ಮೇಲೆ ಮೊಣಕೈ ಊರಿದಳು.

ಹೆಂಡತಿ: ಆ ಮಗ ಗಾಡಿ ಒರಟಾಗಿ ಓಡಿಸಿದ್ರೆ ಅಪ್ಪನಿಗೆ ಗೊತ್ತಾಗ್ತಿತ್ತಾ?

ಕೌಂಟರಿನವನು: ತಕ್ಷಣ! ಗಕ್ಕನೆ ಬ್ರೇಕ್ ಹಾಕಿದ್ರೆ ಸಾಕು, ಅಪ್ಪನ ಫೋನು ಬಡ್ಕೊಳ್ಳುತ್ತೆ. ಕೂತಲ್ಲಿಂದಲೇ ಕಾರಿನೊಳಗೆ ಮಾತಾಡಿ ಬಯ್ಯಬಹುದು. ಎಂಥ ಸೌಲಭ್ಯ ಅಲ್ವಾ?

ಹೆಂಡತಿ: ರೀ, ಈ ಕಂಬಳಿ ಹಿಡ್ಕೊಳ್ಳಿ. ಕೀ ಕೊಡಿ.

ಅಂಗಳದಲ್ಲಿ ಕಾರು ಮುಂದಕ್ಕೆ ನುಗ್ಗಿ ಕಿರ್ರೆಂದು ನಿಂತಿತು. ಮತ್ತೆ ನುಗ್ಗಿತು, ಮತ್ತೆ ನಿಂತಿತು. ಗಂಡಸರಿಬ್ಬರೂ ಎದ್ದುಬಿದ್ದು ಓಡಿಬಂದರು. ಕಾರಿನ ಹೊಟ್ಟೆಯೊಳಗಿಂದ ಮುದಿ ದನಿಯೊಂದು ಗುಡುಗಿತು.

ದನಿ: ಯಾರದು? ಬ್ರೇಕ್ ಇರೋದು ಗಾಡಿ ನಿಲ್ಲಿಸೋಕೆ, ಸೇಡು ತೀರಿಸ್ಕೊಳ್ಳೋಕಲ್ಲ!

ಹೆಂಡತಿ: ಅಂತೂ ಸಿಕ್ಕಿದ್ರಲ್ಲ, ನಮಸ್ಕಾರ. ಈ ಕಾರು ಕೊಂಡವರು ನಾವು. ನೀವಿನ್ನೂ ಒಳಗೇ ಇದೀರಂತೆ. ದಯವಿಟ್ಟು ಇಳೀರಿ.

ದನಿ: ಅಯ್ಯೋ, ಹೇಗೆ ಇಳಿಯೋದು ಅಂತ ಗೊತ್ತಾಗಲಿಲ್ಲಮ್ಮ. ಕಂಪನಿಗೆ ಫೋನ್ ಮಾಡಿದ್ರೆ, ಹೊಸಬರು ಬಂದು ಕೇಳಲಿ ಅಂದ್ರು.

ಗಂಡ ಕೌಂಟರಿನವನನ್ನು ನುಂಗುವಂತೆ ನೋಡಿದ. ಅವನು ಆಕಾಶ ನೋಡಿದ. ಆಮೇಲೆ ಯಾವ ಗುಂಡಿ ಒತ್ತಬೇಕೆಂದು ಬಲು ವಿನಯದಿಂದ ಹೇಳಿಕೊಟ್ಟ.

ದನಿ: ಒತ್ತಿದೆ. ಒಂಚೂರು ಬೇಜಾರೂ ಆಗ್ತಿದೆ. ನಿಮ್ಮ ಚುಕ್ಕಿ ನೋಡ್ತಾ ನನಗೆ ಹೊತ್ತು ಹೋಗ್ತಿತ್ತು. ಬೆಳಿಗ್ಗೆ ಗಾಡಿ ತೆಗೆಯೋರು ನಿಮ್ಮ ಯಜಮಾನ್ರಾ? ಎಂಥ ಶಿಸ್ತಮ್ಮಾ ಅವರದು! ಒಂದು ದಿನ ತಪ್ಪಿಸಲ್ಲ. ಸೀದಾ ಮೂಲೆ ಬೇಕರಿ, ಅರ್ಧ ಗಂಟೆ, ವಾಪಸ್ ಮನೆ.

ಹೆಂಡತಿ: ಬೇಕರಿ?

ಗಂಡ: ಲೈನ್ ಸರಿ ಇಲ್ಲ ಕಣೆ, ಕಟ್ ಮಾಡು.

ಹೆಂಡತಿ: ಪಾರ್ಕಲ್ಲಿ ವಾಕಿಂಗ್ ಅಂತ ಹೋಗ್ತಿದ್ರಲ್ಲ? ಸಕ್ಕರೆ ಯಾಕೆ ಇಳೀತಿಲ್ಲ ಅಂತ ಡಾಕ್ಟರು ತಲೆ ಕೆಡಿಸ್ಕೊಂಡಿದಾರೆ! ನಿಮಗೇನಾದ್ರೂ ಆದ್ರೆ ಅಂತ ಹೆದರಿ ನಾನು ನಿದ್ದೆ ಬಿಟ್ಟಿದೀನಿ!

ಗಂಡ: ಪಾರ್ಕಿನ ಎದುರಿಗೇ ಬೇಕರಿ ಇರೋದು. ಚುಕ್ಕಿ ಒಂಚೂರು ಆಚೀಚೆ ಆಗಿರಬೇಕು...

ಕೌಂಟರಿನವನು: ಇಲ್ಲ ಸಾರ್, ನಮ್ಮ ಚುಕ್ಕಿ ಒಂದು ಗೇಣೂ ತಪ್ಪಲ್ಲ! ಸರಿ, ಈಗ ಖಾತೆ ಯಾರ ಫೋನಿಗೆ ಹಾಕಲಿ?

ಗಂಡ ಫೋನು ಚಾಚಿದ. ಹೆಂಡತಿ ಕಿಟಕಿಯಿಂದ ಕೈ ಹೊರಹಾಕಿ ಅದನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಕೊಟ್ಟಳು.

ಕೌಂಟರಿನವನು: ಹಳೇ ಕಟ್ಟುಪಾಡೆಲ್ಲಾ ಅಳಿಸಿಬಿಡ್ಲಾ ಮೇಡಮ್?

ಹೆಂಡತಿ: ಸೇತುವೇದು ಅಳಿಸಿ, ಮಗು ಕಾಯ್ತಿದೆ. ಹಾಡಿಂದೂ ಅಳಿಸಿ. ನಲವತ್ತರದು ಇರಲಿ. ಬೇಕರಿ ಬೀದಿ ಹೊಸದಾಗಿ ಸೇರಿಸಿ. ಆ ಪ್ಯಾಕೇಜಲ್ಲಿ ಒಳಗೆ ಮಾತಾಡಿ ಬಯ್ಯೋ ಸೌಲಭ್ಯ ಇದೆ ತಾನೆ? ವರ್ಷದ್ದೇ ಕೊಡಿ.

ಗಂಡ ಕಂಬಳಿಯನ್ನು ಎದೆಗವಚಿಕೊಂಡು ಕೌಂಟರಿನವನ ಕಿವಿಯ ಹತ್ತಿರ ಬಗ್ಗಿದ.

ಗಂಡ: ಈ ಗಾಡಿ ಮಾರಬೇಕು ಅಂದ್ರೆ ಏನು ಮಾಡಬೇಕಪ್ಪಾ?

ಕೌಂಟರಿನವನು: ಸುಲಭ ಸಾರ್. ಮೇಡಮ್ ಹತ್ತಿರ ಒಂದು ಒಪ್ಪಿಗೆ ತಗೊಂಡು ಬನ್ನಿ.