ಕತ್ತಿನ ಮೂಳೆ ಹೇಳಿದ ವಯಸ್ಸು

ನಮ್ಮ ಕಡೆ ಪ್ರತಿ ಮನುಷ್ಯನಿಗೂ ಎರಡು ವಯಸ್ಸು. ಒಂದು ತಾಯಿ ಹೆತ್ತದ್ದು, ಇನ್ನೊಂದು ಮೇಷ್ಟ್ರು ಬರೆದದ್ದು. ನಾನು ಎರಡನೆಯದನ್ನು ಬರೆಯುವವನು. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಹೆಡ್‌ಮಾಸ್ಟರಾಗಿದ್ದು ಎಷ್ಟು ಮಕ್ಕಳಿಗೆ ಹುಟ್ಟಿದ ದಿನ ದಯಪಾಲಿಸಿದ್ದೇನೋ ನನಗೇ ಲೆಕ್ಕವಿಲ್ಲ. ದಾಖಲಾತಿ ಪುಸ್ತಕ ತೆಗೆದು ನೋಡಿದರೆ ಊರಿನ ಮುಕ್ಕಾಲು ಪಾಲು ಜನ ಜೂನ್ ಒಂದನೇ ತಾರೀಖು ಹುಟ್ಟಿದ್ದಾರೆ. ಅದು ನಿಜವಾಗಿದ್ದರೆ ನಮ್ಮೂರಿನ ಸೂಲಗಿತ್ತಿ ತಿಮ್ಮಕ್ಕ ಯಾವುದೋ ಒಂದು ಜೂನ್ ಒಂದರಂದು ಓಡಾಡಿ ಓಡಾಡಿಯೇ ಸತ್ತುಹೋಗಿರಬೇಕಿತ್ತು. ಆಕೆ ಈಗಲೂ ಎಲೆಅಡಿಕೆ ಹಾಕಿಕೊಂಡು ಗಟ್ಟಿಯಾಗಿದ್ದಾಳೆ.

ಜನ ಪಾಪ ಏನು ಮಾಡಿಯಾರು? ಕುರಿ ಕಾಯುವ ತಿಪ್ಪಣ್ಣ ಮಗನನ್ನು ಎಳೆದುಕೊಂಡು ಬರುತ್ತಿದ್ದ. "ಯಾವಾಗ ಹುಟ್ಟಿದ್ದಯ್ಯ?" ಎಂದರೆ, "ಕುರಿಗೆಲ್ಲ ಕಾಲುಬಾಯಿ ಜ್ವರ ಬಂದಿತ್ತಲ್ರಿ ಸಾ, ಆ ವರ್ಷ. ನೀವೇ ಒಂದು ತಾರೀಖು ಹಾಕ್ಕಳ್ರಿ. ಒಂದೆರಡು ವರ್ಷ ಕಮ್ಮಿನೇ ಇರ್ಲಿ, ಮುಂದೆ ನೌಕರಿಗೆ ಆಗ್ತೈತೆ" ಎನ್ನುತ್ತಿದ್ದ. ನಾನು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದೆ. ಮುಟ್ಟಿದರೆ ಆರು ವರ್ಷ ತುಂಬಿದೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಉದ್ದ ಕೈಯವನು ಬೇಗ ವಿದ್ಯಾವಂತನಾದ, ಮೋಟು ಕೈಯವನು ಇನ್ನೊಂದು ವರ್ಷ ಕುರಿ ಹಿಂದೆ ಹೋದ. ಇದೊಂದು ಶಾಸ್ತ್ರ, ಇದರಲ್ಲಿ ನಾನು ಪಂಡಿತ ಎಂದು ಬಹಳ ಕಾಲ ನಂಬಿದ್ದೆ. ಮನುಷ್ಯನ ಮೈ ನೋಡಿ ವಯಸ್ಸು ಹೇಳುವ ಬೇರೆಯವರೂ ಇದ್ದಾರೆ ಅಂತ ಆಗ ನನಗೇನು ಗೊತ್ತು?

ಊರಿಗೆಲ್ಲ ಮಾಡಿದ ಉಪಕಾರವನ್ನು ಸ್ವಂತ ಮಗಳಿಗೆ ಮಾಡದೆ ಇರುವುದುಂಟೆ? ನಮ್ಮ ಗಿರಿಜೆಯ ವಯಸ್ಸಿನಲ್ಲಿ ಒಂದೂವರೆ ವರ್ಷ ನುಂಗಿದೆ. ಹೆಸರು ದಾಖಲು ಮಾಡದೆ ಒಂದು ವರ್ಷಕ್ಕೂ ಮೇಲೆ ಸುಮ್ಮನೆ ಒಂದನೇ ಕ್ಲಾಸಿನಲ್ಲಿ ಕೂರಿಸಿ, ಆಮೇಲೆ ಜೂನ್ ಒಂದು ಅಂತ ಬರೆದೆ. ನನ್ನ ಹೆಂಡತಿ ಜಗಳಕ್ಕೇ ಬಂದಳು. "ಹೆತ್ತೋಳು ನಾನು. ಕಾರ್ತೀಕದಲ್ಲಿ ಹುಟ್ಟಿದ ಕೂಸನ್ನ ಬೇಸಿಗೆಗೆ ತಂದಿಟ್ರಲ್ಲ!" "ನಿಂಗೊತ್ತಾಗಲ್ಲ ಸುಮ್ನಿರೇ. ಸರ್ವೀಸಿನ ಕೊನೇಲಿ ಒಂದೂವರೆ ವರ್ಷ ಜಾಸ್ತಿ ಸಿಗ್ತೈತೆ" ಎಂದೆ. ಏಳು ವರ್ಷದ ಹುಡುಗಿಯ ರಿಟೈರ್‌ಮೆಂಟ್ ಬಗ್ಗೆ ಅಷ್ಟು ಚಿಂತೆ ಮಾಡಿದ ತಂದೆ ಈ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

ಚಿಂತೆ ಮಾಡಬೇಕಾದದ್ದು ಅವಳ ಗದ್ದದ ಬಗ್ಗೆ. ಬೆಳೆಯುತ್ತಾ ಮೇಲಿನ ಹಲ್ಲು ಮುಂದೆ ಬಂತು, ಕೆಳದವಡೆ ಹಿಂದೆಯೇ ಉಳಿಯಿತು. ಆ ಗದ್ದ ನಮ್ಮ ಮನೆತನದ್ದು. ನಾನು ಗಡ್ಡ ಬಿಟ್ಟು ಮುಚ್ಚಿಕೊಂಡಿದ್ದೇನೆ. ಹೆಣ್ಣುಮಗುವಿಗೆ ಆ ಸೌಲಭ್ಯವಿಲ್ಲ. ತೆಂಗಿನ ಸೀಮೆಯ ಹುಡುಗರು ಸುಮ್ಮನಿರುತ್ತಾರೆಯೇ, "ತುರಿಯೋ ಮಣೆ" ಅಂತ ಹೆಸರಿಟ್ಟರು. ಅವರಲ್ಲಿ ಇಬ್ಬರಿಗೆ ಬೆತ್ತದ ರುಚಿ ತೋರಿಸಿದೆ. ಹೆಸರು ಇನ್ನೂ ಗಟ್ಟಿಯಾಯಿತು. ಗಿರಿಜೆ ನಗುವಾಗ ಬಾಯಿಗೆ ಕೈ ಅಡ್ಡ ಇಡುವುದನ್ನು ಕಲಿತಳು. ಕ್ರಮೇಣ ಗಟ್ಟಿಯಾಗಿ ಪಾಠ ಓದುವುದನ್ನೂ ಬಿಟ್ಟಳು. ಒಂದು ದಿನ ಅವಳಮ್ಮನ ಮುಂದೆ, "ನನ್ನ ಮುಖ ಹಿಂಗೇ ಇರ್ತದಾ?" ಎಂದು ಕೇಳಿದಳಂತೆ. ಅದನ್ನು ಕೇಳಿ ನನಗೆ ಆ ದಿನ ಅನ್ನ ಸೇರಲಿಲ್ಲ.

ಚಿತ್ರದುರ್ಗಕ್ಕೆ ವಾರಕ್ಕೆರಡು ದಿನ ಹಲ್ಲು ಸಾಲು ಮಾಡುವ ಡಾಕ್ಟರಮ್ಮ ಒಬ್ಬರು ಬರುತ್ತಾರೆಂದು ತಿಳಿದು ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನವರು, ತುಂಬಾ ಸಮಾಧಾನಿ. ಗಿರಿಜೆಯ ಬಾಯಿಗೆ ಪುಟ್ಟ ಕನ್ನಡಿ ಹಾಕಿ, "ಎಷ್ಟು ವಯಸ್ಸು ಸರ್?" ಎಂದರು. ಬಾಗಿಲಿಗೆ ಕಟ್ಟಿದ್ದ ಪರದೆಯ ಆಚೆ ನಮ್ಮ ತಾಲ್ಲೂಕು ಶಿಕ್ಷಣ ಕಚೇರಿಯ ಗುಮಾಸ್ತನೊಬ್ಬ ಕೆನ್ನೆ ಊದಿಸಿಕೊಂಡು ಕೂತಿದ್ದ. ಕೆನ್ನೆ ಊದಿದ್ದರೂ ಕಿವಿ ನೆಟ್ಟಗಿತ್ತು. "ಹತ್ತು" ಎಂದೆ. ಬಾಯಿ ತೆರೆದುಕೊಂಡಿದ್ದ ಮಗಳು ಕಣ್ಣು ಹೊರಳಿಸಿ ನನ್ನನ್ನೇ ನೋಡಿದಳು. "ಇನ್ನೂ ಚಿಕ್ಕವಳು. ಮಕ್ಕಳು ಜೋರಾಗಿ ಬೆಳೆಯೋ ಸಮಯ ಅಂತ ಒಂದಿರುತ್ತೆ. ಆಗ ಹಲ್ಲಿಗೆ ಪ್ಲೇಟು ಹಾಕಿದ್ರೆ ಕೆಳದವಡೆ ಮುಂದಕ್ಕೆ ಬರುತ್ತೆ. ಎರಡು ವರ್ಷ ಬಿಟ್ಟು ಬನ್ನಿ. ಈಗಲೇ ಎಕ್ಸ್‌ರೇ ಎಲ್ಲ ಬೇಡ" ಎಂದರು ಡಾಕ್ಟರಮ್ಮ. ಖುಷಿಯಾಗಿ ಮಗಳಿಗೆ ಮಸಾಲೆ ದೋಸೆ ಕೊಡಿಸಿದೆ. ಅವಳು ದೋಸೆ ಮುರಿಯುತ್ತಾ, "ಅಪ್ಪ, ನಂಗೆ ಹನ್ನೊಂದೂವರೆ ಅಲ್ವಾ?" ಎಂದಳು. "ಸ್ಕೂಲಲ್ಲಿ ಹತ್ತು ಕಣವ್ವ." "ಇದು ಸ್ಕೂಲಾ?" ಚಟ್ನಿ ಇನ್ನಷ್ಟು ತರಲು ಹೇಳಿ ನಾನು ಮಾತು ಮರೆಸಿದೆ.

ಎರಡು ವರ್ಷ ಅವಳು ಆ ಪ್ಲೇಟಿನ ದಾರಿ ಕಾದಳು. ಕ್ಯಾಲೆಂಡರಿನ ಹಿಂದೆ ತಿಂಗಳಿಗೊಂದು ಗೀಟು ಹಾಕುತ್ತಿದ್ದಳು. ಯಾರಾದರೂ ಆಡಿಕೊಂಡರೆ, "ಹಾಕ್ತಾರಂತೆ, ಸರಿಯಾಗ್ತೈತಂತೆ" ಎಂದು ಧೈರ್ಯವಾಗಿ ಹೇಳುತ್ತಿದ್ದಳು. ಹೇಳಿದ ತಿಂಗಳಿಗೆ ಸರಿಯಾಗಿ ಹೋದೆವು. ಡಾಕ್ಟರಮ್ಮ ಈ ಸಲ ದಾವಣಗೆರೆಗೆ ಕಳಿಸಿ, ಮುಖವನ್ನು ಪಕ್ಕದಿಂದ ಹಿಡಿದ ಎಕ್ಸ್‌ರೇ ತರಿಸಿಕೊಂಡರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಹಲ್ಲು ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಕತ್ತು ನೋಡುತ್ತಿದ್ದರು.

"ಇಲ್ಲಿ ನೋಡಿ ಸರ್, ಕತ್ತಿನ ಮೂಳೆಗಳು. ಎರಡನೇದು, ಮೂರನೇದು, ನಾಲ್ಕನೇದು. ಬೆಳೆಯೋದು ಬಾಕಿ ಇರೋ ಮಗುವಿಗೆ ಇವುಗಳ ತಳ ಸಪಾಟಾಗಿರುತ್ತೆ. ಬೆಳೀತಾ ಬೆಳೀತಾ ತಳದಲ್ಲಿ ಹಳ್ಳ ಬೀಳುತ್ತೆ, ಮೂಳೆ ಚೌಕ ಆಗುತ್ತೆ. ಇವಳದ್ದು ಆಗಲೇ ಮೂರಕ್ಕೂ ಹಳ್ಳ ಬಿದ್ದು ಚೌಕ ಆಗಿದೆ. ದವಡೆ ಜೋರಾಗಿ ಬೆಳೆಯೋ ಸಮಯ ಮುಗಿದುಹೋಗಿದೆ ಸರ್. ಈಗ ಪ್ಲೇಟು ಹಾಕಿ ಪ್ರಯೋಜನ ಇಲ್ಲ."

ನಾನು ಆ ಕಪ್ಪು ಹಾಳೆಯನ್ನು ನೋಡಿದೆ. ಕರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಹಾಗೆ ಒಂದರ ಕೆಳಗೊಂದು ಮೂಳೆ, ಪ್ರತಿಯೊಂದರ ಕೆಳಗೂ ಸಣ್ಣ ಹಳ್ಳ. ಕಿವಿ ಮುಟ್ಟಿಸಿ ವಯಸ್ಸು ಹೇಳುತ್ತಿದ್ದ ಪಂಡಿತ ಆ ಹಳ್ಳಗಳನ್ನು ಎರಡೆರಡು ಸಲ ಎಣಿಸಿದ. ಡಾಕ್ಟರಮ್ಮ ನನ್ನ ಮುಖ ನೋಡಿ ಏನೆಂದುಕೊಂಡರೋ, "ಬೇಜಾರು ಮಾಡ್ಕೋಬೇಡಿ. ಕೆಲವು ಮಕ್ಕಳು ಹನ್ನೆರಡಕ್ಕೇ ಇಷ್ಟು ಬೆಳೆದುಬಿಡ್ತಾರೆ. ನಿಮ್ಮದೇನೂ ತಪ್ಪಿಲ್ಲ. ನಾನೇ ಆಗಲೇ ಒಂದು ಎಕ್ಸ್‌ರೇ ತೆಗೆಸಬೇಕಿತ್ತು" ಎಂದರು. ತಪ್ಪನ್ನು ತಮ್ಮ ಮೈಮೇಲೆ ಎಳೆದುಕೊಳ್ಳುತ್ತಿದ್ದರು ಆ ಪುಣ್ಯಾತ್ಗಿತ್ತಿ. ಪರದೆಯ ಆಚೆ ಈ ಸಲ ಯಾವ ಗುಮಾಸ್ತನೂ ಇರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ಹೌದೆನ್ನುವಂತೆ ತಲೆಯನ್ನೂ ಆಡಿಸಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಕುರ್ಚಿಯಲ್ಲಿ ಒರಗಿದ್ದ ಗಿರಿಜೆ ಎದ್ದು ಕೂತು, "ನಂಗೆ ಹನ್ನೆರಡಲ್ಲ ಮೇಡಂ, ಹದಿಮೂರೂವರೆ. ಅವತ್ತು ಹನ್ನೊಂದೂವರೆ ಇತ್ತು" ಎಂದಳು. ಕೋಪವಿಲ್ಲ, ಅಳುವಿಲ್ಲ, ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು. ಡಾಕ್ಟರಮ್ಮ ನನ್ನತ್ತ ತಿರುಗಿದರು. "ಅವತ್ತೇ ಹೇಳಿದ್ರೆ ಆರೇ ತಿಂಗಳಲ್ಲಿ ಮತ್ತೆ ಕರೆಸ್ತಿದ್ದೆನಲ್ಲ ಸರ್" ಎಂದಷ್ಟೇ ಹೇಳಿ, ಕಾರ್ಡಿನಲ್ಲಿದ್ದ ಹನ್ನೆರಡನ್ನು ಹೊಡೆದುಹಾಕಿದರು. ನಾನು ಕೊಟ್ಟ ವಯಸ್ಸುಗಳಲ್ಲಿ ಹಾಗೆ ತಿದ್ದಿಸಿಕೊಂಡದ್ದು ಅದೊಂದೇ.

ವಾಪಸ್ ಬಸ್ಸಿನಲ್ಲಿ ಹೊಳಲ್ಕೆರೆ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಆಮೇಲೆ, "ಅಪ್ಪ, ಆ ಒಂದೂವರೆ ವರ್ಷ ನಂಗೆ ಯಾವಾಗ ಸಿಗ್ತೈತೆ?" ಎಂದಳು. "ಸರ್ವೀಸಿನ ಕೊನೇಲಿ" ಎಂದೆ. ಅಂಥ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಅದೇ ಉತ್ತರ! "ಅಷ್ಟೊತ್ತಿಗೆ ಮುಖ ಯಾರಿಗೆ ಬೇಕಪ್ಪ" ಎಂದು ಮತ್ತೆ ಕಿಟಕಿಯ ಕಡೆ ತಿರುಗಿದಳು. ಮುಂದೆ ಮೇಲಿನ ಎರಡು ಹಲ್ಲು ಕೀಳಿಸಿ, ತಂತಿ ಬಿಗಿಸಿ, ಎರಡು ವರ್ಷ ಅವಳನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಓಡಾಡಿದೆ. ಹಲ್ಲು ಒಳಗೆ ಹೋದವು. ಗದ್ದ ಇದ್ದಲ್ಲೇ ಉಳಿಯಿತು. ದೊಡ್ಡವಳಾದ ಮೇಲೆ ದವಡೆಯ ಮೂಳೆ ಕೊಯ್ದು ಮುಂದೆ ಕೂರಿಸುವ ಆಪರೇಷನ್ ಇದೆ ಎಂದರು ಡಾಕ್ಟರಮ್ಮ. ಅವಳು ಬೇಡವೆಂದಳು.

ಈಗ ಜೂನ್ ಬಂದರೆ ತಾಯಂದಿರನ್ನೇ ಕರೆದು ನಿಜವಾದ ತಿಂಗಳು ಕೇಳಿ ಬರೆಯುತ್ತೇನೆ. "ಮೇಷ್ಟ್ರಿಗೆ ಏನೋ ಆಗೈತೆ ಕಣ್ರಲೇ" ಎಂದು ತಿಪ್ಪಣ್ಣ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಆದರೆ ನನ್ನದೇ ಒಂದು ವಿಷಯ ಇಷ್ಟು ಹೊತ್ತೂ ಮುಚ್ಚಿಟ್ಟಿದ್ದೆ. ನನಗೆ ಅಕ್ಷರ ಕಲಿಸಿದ ಮೇಷ್ಟ್ರು ನನ್ನ ವಯಸ್ಸಿನಲ್ಲೂ ಎರಡು ವರ್ಷ ತೆಗೆದಿದ್ದರು. ಹೋದ ತಿಂಗಳು ನನಗೆ ನಿಜವಾಗಿ ಅರವತ್ತು ತುಂಬಿತು. ಬೆಳಿಗ್ಗೆ ಹೆಂಡತಿ ಪಾಯಸ ಮಾಡಿದ್ದಳು. ಲೋಟ ತಂದುಕೊಟ್ಟ ಗಿರಿಜೆ, "ಅಪ್ಪ, ನೀವು ಇವತ್ತು ರಿಟೈರ್ಡ್ ಆಗ್ಬೇಕಿತ್ತಲ್ವಾ?" ಎಂದು ನಕ್ಕಳು. ಈಗ ಹಲ್ಲು ಸಾಲಾಗಿವೆ, ಆಡಿಕೊಳ್ಳುವವರೂ ಇಲ್ಲ. ಆದರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಕ್ಕಳು. ನಾನು ಪಾಯಸ ಕುಡಿದು, ಗಡ್ಡ ಒರೆಸಿಕೊಂಡು, ಶಾಲೆಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದೆ.