ಕಾವಲಿಯ ಮೇಲೆ ಕಪ್ಪು ಹಿಟ್ಟು

ತನ್ನ ಕೈಕೆಲಸದ ಬಗ್ಗೆ ಮನುಷ್ಯನಿಗೆ ಒಂದಿಷ್ಟು ಜಂಬ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಕಷ್ಟ ಎಂದು ನಂಬಿದವನು ನಾನು. ನನ್ನ ಜಂಬ ದೋಸೆಯದು. ಉಡುಪಿ ಕಡೆಯಿಂದ ಬಂದು ಸೂರತ್ತಿನ ಉಧ್ನಾದಲ್ಲಿ ಹೋಟೆಲು ಇಟ್ಟು ಇಪ್ಪತ್ತಾರು ವರ್ಷವಾಯಿತು. ಪಾಳಿ ಮುಗಿಸಿ ಬರುವ ಬಟ್ಟೆ ಕಾರ್ಖಾನೆಯವರು ಸಾಂಬಾರು ಸಾಕಷ್ಟು ಸಿಹಿಯಾಗಿಲ್ಲವೆಂದು ಮುನಿಸಿಕೊಂಡದ್ದುಂಟು. ದೋಸೆಯ ಬಗ್ಗೆ ಮಾತ್ರ ಯಾರೂ ತುಟಿ ಪಿಟಕ್ಕೆಂದಿಲ್ಲ. ಅಂಥ ನನ್ನನ್ನು ಅಂಗೈಯಗಲದ ಒಂದು ಚಾಕೊಲೇಟ್ ಪ್ಯಾನ್‌ಕೇಕು ಬೆಪ್ಪನನ್ನಾಗಿ ಮಾಡಿಬಿಟ್ಟಿತು.

ನನ್ನ ಮಗಳು ಧನ್ಯಾಳಿಗೆ ಹದಿನಾರು ವರ್ಷ. ಭಾರ ಎತ್ತುತ್ತಾಳೆ. ಹೀಗೆಂದು ಫೋನಿನಲ್ಲಿ ಹೇಳಿದಾಗ ಊರಲ್ಲಿರುವ ನನ್ನ ಅಕ್ಕ, "ಅವಳ ಕೈಯಲ್ಲಿ ಯಾಕೆ ಎತ್ತಿಸ್ತೀಯ ಮಾರಾಯ, ಹೋಟೆಲಲ್ಲಿ ಜನ ಇಲ್ವಾ?" ಎಂದು ಬೈದಳು. ಕಬ್ಬಿಣದ ಸರಳಿನ ಎರಡೂ ತುದಿಗೆ ತಟ್ಟೆ ಸಿಕ್ಕಿಸಿ ತಲೆಯ ಮೇಲೆ ಎತ್ತುವ ಆಟ ಎಂದು ವಿವರಿಸಿದೆ. "ಎತ್ತಿ ಎಲ್ಲಿ ಇಡ್ತಾಳೆ?" ಎಂದಳು. "ಕೆಳಗೆ ಹಾಕ್ತಾಳೆ" ಎಂದೆ. ಅಕ್ಕ ಫೋನನ್ನು ಭಾವನ ಕೈಗೆ ಕೊಟ್ಟುಬಿಟ್ಟಳು.

ವಡೋದರಾದಲ್ಲಿ ಅವಳ ದೊಡ್ಡ ಸ್ಪರ್ಧೆಯಿತ್ತು. ಮೊದಲು ಹುಡುಗಿಯರನ್ನೇ ತೂಗುತ್ತಾರೆ. ಐವತ್ತೈದು ಕಿಲೋ ದಾಟಿದರೆ ಆ ಗುಂಪಿನಲ್ಲಿ ಜಾಗವಿಲ್ಲ. ಹಾಗಾಗಿ ತೂಕ ಮುಗಿಯುವವರೆಗೆ ಉಪವಾಸ; ಆಮೇಲೆ ಗಬಗಬ ತಿಂದು, ಎರಡು ತಾಸಿನೊಳಗೆ ಎತ್ತಬೇಕು. ಆಗ ತಿನ್ನುವುದಕ್ಕೆಂದೇ ಅವಳಿಗೆ ತರಬೇತಿ ಕೊಡುವ ಜಾಗೃತಿಬೆನ್ ಹೇಳಿಕೊಟ್ಟ ಪ್ಯಾನ್‌ಕೇಕನ್ನು ನನ್ನ ಹೆಂಡತಿ ಮಾಡಿಕೊಡುತ್ತಿದ್ದಳು. ಈ ಸಲ ಅವಳು ತಂಗಿಯ ಆಪರೇಷನ್ ಎಂದು ಊರಿಗೆ ಹೋಗಿದ್ದಳು. "ಹೋಟೆಲಿನವನ ಮಗಳಿಗೆ ತಿಂಡಿಯ ಚಿಂತೆಯಾ? ನಾನಿಲ್ಲವಾ?" ಎಂದು ಎದೆ ತಟ್ಟಿಕೊಂಡೆ.

ಬೆಳಗಿನ ಜಾವವೇ ಎದ್ದು ಓಟ್ಸ್ ಪುಡಿ ಮಾಡಿದೆ. ಬಾಳೆಹಣ್ಣು, ಗಟ್ಟಿ ಮೊಸರು, ಕೋಕೋ, ಡಬ್ಬದ ಪ್ರೋಟೀನ್ ಪುಡಿ ಎಲ್ಲ ಕಲಸಿದೆ. ಕಾವಲಿ ಚೆನ್ನಾಗಿ ಕಾಯಿಸಿ, ನೀರು ಚಿಮುಕಿಸಿ, ಒಂದು ಸೌಟು ಹಿಟ್ಟು ಹೊಯ್ದೆ; ಕೈ ತನ್ನ ಪಾಡಿಗೆ ತಾನು ಸೌಟನ್ನು ಗರಗರ ತಿರುಗಿಸಿತು. ಹಿಟ್ಟು ಸೌಟಿಗೇ ಅಂಟಿ ಮೇಲೆದ್ದು ಬಂತು. ಎರಡನೆಯದು ತಳ ಹಿಡಿಯಿತು. ದೋಸೆಯಾದರೆ ಬಣ್ಣ ನೋಡಿ ಮಗುಚುತ್ತೇನೆ. ಹಿಟ್ಟೇ ಕಪ್ಪಾಗಿದ್ದರೆ ಬೆಂದದ್ದು ಯಾವುದು, ಸೀದದ್ದು ಯಾವುದು? ಮೂರನೆಯದಕ್ಕೆ ವಾಸನೆ ಹತ್ತಿ ಧನ್ಯಾ ಬಂದಳು.

"ಅಪ್ಪ, ಸ್ಪ್ರೆಡ್ ಮಾಡಬೇಡ! ಗ್ಯಾಸ್ ಸಣ್ಣ ಮಾಡು. ಹಿಟ್ಟು ಹಾಕಿ ಬಿಡು, ಬಸ್."

"ಬಿಟ್ಟು ಎಂತ ಮಾಡುದು?"

"ನೋಡು."

ಇಬ್ಬರೂ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಆ ಕಪ್ಪು ಬಿಲ್ಲೆ ತಾನಾಗಿ ಉಬ್ಬಿತು. ಅಂಚಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು, ಆಮೇಲೆ ನಡುವಿನಲ್ಲಿ ನಾಲ್ಕಾರು. "ಈಗ" ಎಂದಳು. ಮಗುಚಿದೆ. ಹೂವಿನ ಹಾಗೆ ಮೆತ್ತಗೆ ಬಿತ್ತು. ಇಪ್ಪತ್ತಾರು ವರ್ಷ ಕಾವಲಿಯ ಮುಂದೆ ನಿಂತವನು, ಕೈಕಟ್ಟಿ ನಿಂತರೂ ಅಡಿಗೆಯಾಗುತ್ತದೆ ಎಂಬುದನ್ನು ಮೊದಲ ಸಲ ಕಂಡೆ. ಹಸಿದ ಹುಡುಗಿ, ಪರಿಮಳವನ್ನಷ್ಟೇ ಒಮ್ಮೆ ಎಳೆದುಕೊಂಡು ಚೀಲ ಕಟ್ಟಲು ಹೋದಳು. ಬೆರಳು ಕೂಡ ನೆಕ್ಕಲಿಲ್ಲ.

ರೈಲಿನಲ್ಲಿ ಸ್ಟೀಲಿನ ಡಬ್ಬಿ ನನ್ನ ತೊಡೆಯ ಮೇಲೆ. ಊರಿಗೆಲ್ಲ ಬಡಿಸಿದವನಿಗೆ ಎದುರು ಕೂತ ಮಗಳಿಗೆ ಒಂದು ತುತ್ತು ಕೊಡುವಂತಿಲ್ಲ. ಕೊನೆಗೆ ತೂಕದ ಕೋಣೆಯಿಂದ ಹೊರಬಂದವಳೇ, "ಪಾಸ್!" ಎಂದು ಕೂಗಿ ಡಬ್ಬಿ ಕಿತ್ತುಕೊಂಡಳು. ಐದೂ ಪ್ಯಾನ್‌ಕೇಕು ಹೋದವು, ತಳ ಹಿಡಿದದ್ದೂ ಸೇರಿ. "ಅದು ಸೀದಿದೆ, ಬಿಡು" ಎಂದರೆ, "ಅಪ್ಪ ಮಾಡಿದ್ದು" ಎಂದು ಬಾಯ್ತುಂಬ ಹೇಳಿದಳು. ನಾನು ಸೂರು ನೋಡಿದೆ.

ಎಂಬತ್ತು ಕಿಲೋ ಸರಳನ್ನು ಅವಳು ಮೊದಲ ಸಲ ಹೆಗಲವರೆಗೆ ತಂದು ಕೈಬಿಟ್ಟಳು. ಎರಡನೆಯ ಸಲವೂ ಹಾಗೇ. ಮೂರೇ ಅವಕಾಶ. ಮೂರನೆಯ ಸಲ ಹೆಗಲಿಗೆ ತಂದು, ಕಣ್ಣು ಮುಚ್ಚಿ, ಒಂದು ಉಸಿರು ತೆಗೆದುಕೊಂಡು, ಸರಳಿನ ಕೆಳಗೆ ತಾನೇ ನುಗ್ಗಿ ಎದ್ದು ನಿಂತಳು. ಎರಡು ಕೈ ಆಕಾಶಕ್ಕೆ, ನಡುವೆ ನಮ್ಮ ಮನೆಯ ಮುಖ. ಚಪ್ಪಾಳೆ ತಟ್ಟುವುದನ್ನೇ ಮರೆತೆ. ಇಷ್ಟು ಶಕ್ತಿ ನಮ್ಮ ಮನೆಯಲ್ಲಿ ನಾನಿಲ್ಲದಾಗ ಎಲ್ಲಿಂದ ಬಂದು ಸೇರಿಕೊಂಡಿತೋ! ನಾಲ್ಕನೆಯ ಸ್ಥಾನ ಬಂತು. ಪದಕ ಇರುವುದು ಮೂರೇ. ಜಾಗೃತಿಬೆನ್ ಮಾತ್ರ, "ಸರಸ್, ಬಹು ಸರಸ್!" ಎಂದು ಗುಜರಾತಿಯಲ್ಲಿ ಹೊಗಳಿ ಅವಳ ಬೆನ್ನು ಗುದ್ದಿದರು.

ಮರುದಿನ ಹೋಟೆಲಿನ ಬಾಗಿಲಲ್ಲಿ ಅಕ್ಕಿಯ ಮೂಟೆ ಇಳಿದಿತ್ತು. ನನ್ನದೂ ಅದೇ ರಕ್ತವಲ್ಲವೇ ಎನ್ನಿಸಿತು. ಕಣ್ಣು ಮುಚ್ಚಿದೆ, ಒಂದು ಉಸಿರು ತೆಗೆದುಕೊಂಡೆ, ಬಗ್ಗಿ ಎಳೆದೆ. ಸೊಂಟದಲ್ಲಿ ಏನೋ ಚಟ್ಟೆಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದೆ. ಧನ್ಯಾ ಓಡಿ ಬಂದಳು. "ಅಪ್ಪ, ಬೆನ್ನಲ್ಲ, ಕಾಲಲ್ಲಿ ಎತ್ತಬೇಕು" ಎಂದು ಪಾಠ ಹೇಳುತ್ತಲೇ ಮೊದಲು ಮೂಟೆಯನ್ನು ಒಳಗೆ ಇಟ್ಟು ಬಂದಳು. ಆಮೇಲೆ ನನ್ನನ್ನು.