ನೌಬಾದಿನ ಬಾಡಿಗೆ ಮನೆಯಲ್ಲಿ ಹರಳು ಬೆಳೆಸಿದ್ದು

ರಸಾಯನಶಾಸ್ತ್ರ ಓದಿದವರನ್ನು ಬೀದರಿನಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ. ನಾನೂ ನಂಬುವುದಿಲ್ಲ, ಆದರೆ ನನ್ನ ಕಾರಣಗಳು ಬೇರೆ. ಕಾಲೇಜಿನಲ್ಲಿ ಪಾಠ ಹೇಳಿ, ಉಳಿದ ಹೊತ್ತಿನಲ್ಲಿ ಸಂಶೋಧನೆ ಮಾಡುವ ನನಗೆ ಇಂಥ ಪ್ರಸಂಗಗಳು ತಪ್ಪಿದ್ದೇ ಇಲ್ಲ.

ಅಂಗಡಿ ಎಲ್ಲಿ?

ಬೀದರಿನ ನೌಬಾದ್ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಲು ಹೋದೆ. ಮಾಲಕಿ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಿದರು.

"ಏನ್ ಕೆಲಸ್ರಿ ಮೇಡಂ?"

"ಕೆಮಿಸ್ಟ್ ಇದ್ದೀನ್ರಿ."

ಅವರ ಮುಖ ಅರಳಿತು. ಅವರ ಮನೆಗೇ ಅಂಟಿಕೊಂಡಿದ್ದ ಪಕ್ಕದ ಭಾಗ ಸಿಕ್ಕಿತು. ಸಾಮಾನು ಇಳಿಸಿದ ಮರುದಿನವೇ ಬಿಪಿ ಗುಳಿಗೆಯ ಖಾಲಿ ಪಟ್ಟಿ ಹಿಡಿದು ಬಂದರು.

"ನಿಮ್ ಅಂಗಡ್ಯಾಗ ಇದು ಸಿಗ್ತದೇನ್ರಿ?"

"ಅಂಗಡಿ ಇಲ್ರಿ ಅಕ್ಕಾ. ನಾ ಹರಳು ಬೆಳಸ್ತೇನಿ."

ಕಪಾಟಿನ ಮೇಲಿದ್ದ ಸಣ್ಣ ಗಾಜಿನ ಬಾಟಲಿಗಳನ್ನು ತೋರಿಸಿದೆ. ಒಳಗೆ ನೀಲಿ ದ್ರಾವಣ. ಕಾಲೇಜಿನ ಲ್ಯಾಬ್ ಪಕ್ಕದ ಪಂಪು ಶುರುವಾದರೆ ಮೇಜೇ ನಡುಗುತ್ತದೆ. ಹರಳಿಗೆ ಅಲುಗಾಟ ಆಗದು. ಅದಕ್ಕೇ ಮನೆಗೆ ತಂದಿದ್ದೆ. ಒಂದಾದರೂ ಚೊಕ್ಕ ಹರಳು ಬೆಳೆಯದಿದ್ದರೆ ನನ್ನ ಪಿಎಚ್‌ಡಿ ಅಲ್ಲಿಗೇ ನಿಂತಂತೆ.

ಅವರು ಬಾಟಲಿ ನೋಡಿದರು. ನನ್ನನ್ನು ನೋಡಿದರು.

"ಉಂಗರದ ಹರಳೇನ್ರಿ? ಅಸಲಿ ಅಂತ ಹೇಳಿ ಮಾರ್ತೀರೇನು?"

ಭಾಲ್ಕಿಯ ಅಣ್ಣ

ಸುದ್ದಿ ಭಾಲ್ಕಿಯಲ್ಲಿದ್ದ ಮಾಲಕಿಯ ಅಣ್ಣನಿಗೆ ಮುಟ್ಟಿತು. ಅವರು ಸ್ಕ್ಯಾನಿಂಗ್ ರಿಪೋರ್ಟ್ ಸಮೇತ ಬಂದಿಳಿದರು. ಕಿಡ್ನಿಯಲ್ಲಿ ಹರಳು.

"ನಿಮಗ ಹರಳಿನ ಕೆಲಸ ಗೊತ್ತದಂತಲ್ರಿ. ನಂದೊಂದು ಕರಗಸ್ರಿ."

"ಕರಗಸಾದು ಡಾಕ್ಟರ್ ಕೆಲಸ್ರಿ ಅಣ್ಣಾರ. ನಾ ಬೆಳಸ್ತೇನಿ ಅಷ್ಟೇ. ಅಲ್ಲಾಡದಂಗ ಒಂದ್ ಕಡಿ ಇಟ್ರ ತಾನೇ ದೊಡ್ಡದಾಗ್ತದ."

ಅವರು ತಟ್ಟನೆ ಕುರ್ಚಿ ಬಿಟ್ಟು ಎದ್ದರು. ಚಹಾ ಮುಗಿಯುವ ತನಕ ಕಪ್ಪು-ಬಸಿ ಹಿಡಿದು ಅಂಗಳದಲ್ಲಿ ಅಡ್ಡಾಡುತ್ತಲೇ ಇದ್ದರು.

ಖಾಲಿ ಖೋಲಿ

ಅಣ್ಣ ಹೋದ ಮೇಲೆ ಮಾಲಕಿ ನೇರವಾಗಿ ಕೇಳಿದರು. "ಖರೇ ಹೇಳ್ರಿ, ಅದರಾಗ ಏನದ?"

ಸರಳವಾಗಿ ಹೇಳಲು ಹೋದೆ. ಲೋಹ-ಸಾವಯವ ಚೌಕಟ್ಟು ಅಂದರೆ ಕಣ್ಣಿಗೆ ಕಾಣದ ಕಟ್ಟಡ. ಮೂಲೆಗೆ ಲೋಹ, ತೊಲೆಗೆ ಇಂಗಾಲದ ಕೊಂಡಿ, ನಡುವೆ ಖಾಲಿ ಖೋಲಿಗಳು. ಆ ಖೋಲಿಯೊಳಗೆ ಪಾಲಿಆಕ್ಸೋಮೆಟಲೇಟ್ ಎಂಬ ದುಂಡನೆಯ ಲೋಹ-ಆಮ್ಲಜನಕದ ಗುಂಪನ್ನು ಕೂರಿಸುವುದು.

"ಬಾಡಿಗಿಗೆ ಕುಂತ ಕಿರಾಯಿದಾರ ಅನ್ರಿ."

"ಹೌದ್ರಿ. ತೊಳದ್ರೂ, ಕುದಿಸಿದ್ರೂ ಅದು ಹೊರಗ ಬರಬಾರ್ದು. ಅದೇ ನನ್ನ ಸಂಶೋಧನಾ."

ಅವರ ಮುಖ ಬಿಗಿಯಿತು.

"ಅಂದ್ರ ಕಿರಾಯಿದಾರ ಖಾಲಿ ಮಾಡದಂಗ ಹ್ಯಾಂಗ ಕೂಡಬೇಕು ಅಂತ ಪಿಎಚ್‌ಡಿ ಮಾಡ್ಲಿಕತ್ತೀರಿ. ಅದೂ ನನ್ನ ಮನ್ಯಾಗ ಕುಂತು!"

ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಅಪ್ಪಣೆಯಾಯಿತು.

ಔರಾದಿನ ಅಳಿಯ

ಹರಳು ಆಗಷ್ಟೇ ಕಣ್ಣಿಗೆ ಕಾಣುವಷ್ಟಾಗಿತ್ತು. ಆಟೋದಲ್ಲಿ ಒಯ್ದರೆ ಮುಗಿಯಿತು. ಇನ್ನಷ್ಟು ದಿನ ಕೊಡಿ ಎಂದೆ. ಮಾಲಕಿಗೆ ಸಂಶಯ ಇನ್ನೂ ಗಟ್ಟಿಯಾಯಿತು. ಔರಾದಿನಿಂದ ಅಳಿಯನನ್ನು ಕರೆಸಿದರು. ಅವನು ಹೋಂಗಾರ್ಡ್. ಬಂದವನೇ ಬಾಟಲಿ ಮೂಸಿದ.

"ವಾಸನೀನೇ ಇಲ್ರಿ ಅತ್ತಿ. ಅದಕ್ಕೇ ಶಕ್ ಬರ್ತದ."

ಬಾಟಲಿ ಎತ್ತಿ ಬೆಳಕಿಗೆ ಹಿಡಿದ.

"ಅಲ್ಲಾಡಸಬ್ಯಾಡ್ರಿ!" ಎಂದು ಚೀರಿದೆ. "ಅಲ್ಲಾಡಿಸಿದ್ರ ಎಲ್ಲಾ ಮುಗೀತು!"

ಅವನ ಕೈ ಅಲ್ಲೇ ನಿಂತಿತು. ಮಲಗಿದ ಕೂಸನ್ನು ಇಳಿಸುವಂತೆ ಬಾಟಲಿಯನ್ನು ಕಪಾಟಿನ ಮೇಲಿಟ್ಟ. ಬೆನ್ನು ತಿರುಗಿಸದೆ ಹಿಂದಕ್ಕೆ ನಡೆದು ಬಾಗಿಲು ದಾಟಿದ. ಅತ್ತೆ ಮಾಡಿದ್ದ ಹೋಳಿಗೆಗೂ ನಿಲ್ಲಲಿಲ್ಲ.

ಅದು ಸಿಡಿಯುವ ವಸ್ತುವಲ್ಲ ಎಂದು ಹೇಳಿ ನೋಡಿದೆ. ಯಾರು ನಂಬುತ್ತಾರೆ? ಅವತ್ತಿನಿಂದ ಮಾಲಕಿಯ ಮನೆಯಲ್ಲಿ ಮಿಕ್ಸರ್ ತಿರುಗಲಿಲ್ಲ, ಬಾಗಿಲು ಬಡಿಯಲಿಲ್ಲ. ಅಷ್ಟು ಅಲುಗಾಟವಿಲ್ಲದ ಜಾಗ ಯಾವ ಪ್ರಯೋಗಾಲಯದಲ್ಲೂ ನನಗೆ ಸಿಕ್ಕಿಲ್ಲ. ಹರಳು ದಿನದಿನಕ್ಕೆ ಚೊಕ್ಕವಾಗಿ ಬೆಳೆಯಿತು. ಆದರೆ ಇನ್ನೂ ಸ್ವಲ್ಪ ಬೆಳೆಯಬೇಕಿತ್ತು.

ಅಷ್ಟರಲ್ಲಿ ತಿಂಗಳು ಮುಗಿಯಿತು. ಬೇರೆ ದಾರಿಯಿಲ್ಲದೆ ಸಾಮಾನು ಕಟ್ಟತೊಡಗಿದೆ. ಮಾಲಕಿ ತುದಿಗಾಲಲ್ಲಿ ಬಂದು ಕೈ ಮುಗಿದರು. ದನಿಯೂ ಪಿಸುಮಾತಿನಷ್ಟೇ.

"ಮೇಡಂ, ನೀವು ಖಾಲಿ ಮಾಡಬ್ಯಾಡ್ರಿ. ಅದನ್ನ ಎತ್ತಿದ್ರ ಇಡೀ ನೌಬಾದೇ ಖಾಲಿ ಆಗ್ತದ!"